ಬಸಿರು, ಹೆರಿಗೆ, ಜನಸಂಖ್ಯೆ: ಪದೇ ಪದೇ ಕೇಳುವ ಪ್ರಶ್ನೆಗಳು

ಜನಸಂಖ್ಯೆ ಅಂದ ತಕ್ಷಣ ಎಲ್ರೂ ಕೋಟಿಗಳ ಲೆಕ್ಕಕ್ಕೆ ಇಳೀತಾರೆ, ಹೆರೋ ಹೆಂಗಸನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ ಅಂದ್ರೆ ಸುಮ್ಮನಾಗ್ತಾರೆ. ಬಡ ದೇಶಗಳಲ್ಲಿ ಹೆಣ್ಮಕ್ಕಳ ಆರೋಗ್ಯ, ಕುಟುಂಬ ಯೋಜನೆ, ಜನಸಂಖ್ಯೆ ಬಗ್ಗೆ ಮತ್ತೆ ಮತ್ತೆ ಬರೋ ಪ್ರಶ್ನೆಗಳನ್ನ ಇಲ್ಲಿ ಒಟ್ಟಿಗೆ ಹಾಕಿದೀನಿ. ಕೆಲವಕ್ಕೆ ಉತ್ತರ ಉದ್ದ ಆಗಿದೆ, ಕೆಲವಕ್ಕೆ ಎರಡು ಸಾಲು ಸಾಕಾಯ್ತು. ನಿಮ್ಮ ಮೈಗೆ ಸಂಬಂಧಪಟ್ಟದ್ದಕ್ಕೆ ಇದನ್ನ ಓದಿ ತೀರ್ಮಾನ ಮಾಡ್ಬೇಡಿ, ನರ್ಸ್ ಅಥವಾ ಡಾಕ್ಟ್ರನ್ನ ಕೇಳಿ.

ಪ್ರಪಂಚದ ಜನಸಂಖ್ಯೆ ಕೈ ಮೀರಿ ಹೋಗ್ತಾ ಇದೆಯಂತೆ, ನಿಜಾನಾ?

ಏರ್ತಾ ಇರೋದು ನಿಜ, ಮೊದಲಿನ ವೇಗ ಈಗಿಲ್ಲ. 1960ರಲ್ಲಿ 300 ಕೋಟಿ ಇದ್ದದ್ದು 1999ಕ್ಕೆ 600 ಕೋಟಿ ಆಯ್ತು, ನಲವತ್ತು ವರ್ಷದೊಳಗೆ ಡಬಲ್. 2022ರ ನವೆಂಬರ್ 15ಕ್ಕೆ 800 ಕೋಟಿ ಮುಟ್ತು ಅಂತ ವಿಶ್ವಸಂಸ್ಥೆ ಹೇಳ್ತು. ಅವರದೇ 2024ರ ಅಂದಾಜಿನ ಪ್ರಕಾರ 2080ರ ದಶಕದ ಮಧ್ಯಕ್ಕೆ ಸುಮಾರು 1,030 ಕೋಟಿಗೆ ಹೋಗಿ ಅಲ್ಲಿಂದ ನಿಧಾನಕ್ಕೆ ಇಳಿಯುತ್ತೆ, ಇನ್ನೊಂದು ಸಲ ಡಬಲ್ ಆಗೋ ಮಾತೇ ಇಲ್ಲ. ಯಾಕಂದ್ರೆ 1960ರ ಸುಮಾರಿಗೆ ಒಬ್ಬ ಹೆಂಗಸಿಗೆ ಸರಾಸರಿ ಐದು ಮಕ್ಕಳಾಗ್ತಿದ್ರು, ಈಗ ಎರಡೂಕಾಲಿನ ಆಸುಪಾಸು.

ಮಕ್ಕಳು ಕಮ್ಮಿ ಆಗ್ತಿದಾರೆ ಅಂತೀರಿ, ಮತ್ತೆ ಜನ ಯಾಕೆ ಹೆಚ್ತಾನೇ ಇದಾರೆ?

ಹಿಂದಿನ ತಲೆಮಾರಲ್ಲಿ ಹುಟ್ಟಿದ ದೊಡ್ಡ ಗುಂಪು ಈಗ ಹೆರೋ ವಯಸ್ಸಿಗೆ ಬಂದಿದೆ. ಒಬ್ಬೊಬ್ಬರಿಗೂ ಎರಡೇ ಮಕ್ಕಳು ಅಂದ್ರೂ ಹೆರೋರೇ ಅಷ್ಟು ಜನ ಇದಾರಲ್ಲ, ಮೇಲಾಗಿ ಜನ ಮೊದಲಿಗಿಂತ ಜಾಸ್ತಿ ವರ್ಷ ಬದುಕ್ತಿದಾರೆ. ತಂದೆ ತಾಯಿ ಇಬ್ಬರ ಜಾಗಕ್ಕೆ ಇಬ್ಬರು ಬರೋಕೆ ಸರಾಸರಿ 2.1 ಮಕ್ಕಳು ಬೇಕು ಅನ್ನೋದು ಲೆಕ್ಕ, ಚಿಕ್ಕ ವಯಸ್ಸಲ್ಲಿ ಸಾವು ಜಾಸ್ತಿ ಇರೋ ಕಡೆ ಇದಕ್ಕಿಂತ ಸ್ವಲ್ಪ ಮೇಲೆ. ಭಾರತದಲ್ಲಿ 1992-93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 3.4 ಇದ್ದದ್ದು 2019-21ರ ಸಮೀಕ್ಷೆಗೆ 2.0ಕ್ಕೆ ಇಳಿದಿದೆ, ಆದ್ರೂ 2023ರಲ್ಲಿ ಚೀನಾನ ಹಿಂದೆ ಹಾಕಿ ನಂಬರ್ ಒನ್ ಆಯ್ತು. ಎರಡೂ ಒಟ್ಟಿಗೆ ನಿಜ ಆಗೋದು ಹೀಗೆ. "ಜನಸಂಖ್ಯಾ ಸ್ಫೋಟ" ಅಂತ ಭಾಷಣ ಬಿಗಿಯೋರು ಈ ಎರಡನೇ ಅರ್ಧ ಮಾತ್ರ ಹೇಳ್ತಾರೆ.

ಬಡವರು ಯಾಕೆ ಅಷ್ಟೊಂದು ಮಕ್ಕಳು ಹೆರ್ತಾರೆ? ತಿಳುವಳಿಕೆ ಇಲ್ಲ ಅಂತಾನಾ?

ಈ ಪ್ರಶ್ನೆ ಕೇಳೋ ಧಾಟಿನೇ ನಂಗೆ ಇಷ್ಟ ಆಗಲ್ಲ, ಆದ್ರೂ ಉತ್ತರ ಹೇಳ್ಬೇಕು. ಹುಟ್ಟಿದ ಮಕ್ಕಳಲ್ಲಿ ಒಂದೋ ಎರಡೋ ಐದು ವರ್ಷ ತುಂಬೋ ಮೊದಲೇ ಹೋಗ್ಬಿಡುತ್ತೆ ಅಂತ ಅನುಭವದಿಂದ ಗೊತ್ತಿರೋ ಮನೇಲಿ ಇಬ್ಬರಿಗೆ ಯಾರೂ ನಿಲ್ಲಿಸಲ್ಲ. ಪಿಂಚಣಿ ಇಲ್ಲ, ಇನ್ಶೂರೆನ್ಸ್ ಇಲ್ಲ, ಮುಪ್ಪಲ್ಲಿ ನೋಡ್ಕೊಳ್ಳೋರು ಮಕ್ಕಳೇ. ನೀರು ಹೊರೋಕೆ, ದನ ಕಾಯೋಕೆ, ಚಿಕ್ಕವರನ್ನ ಎತ್ಕೊಳ್ಳೋಕೆ ಕೈ ಬೇಕು. ಮಗ ಬೇಕು ಅನ್ನೋ ಹಟ ಇನ್ನೊಂದು ಕಡೆ. ಇಷ್ಟೆಲ್ಲ ಲೆಕ್ಕ ಹಾಕಿ ನಡ್ಕೊಳ್ಳೋರನ್ನ ತಿಳುವಳಿಕೆ ಇಲ್ಲದವರು ಅನ್ನೋದು ಹೇಗೆ? ನೈಜರ್, ಚಾಡ್, ಸೊಮಾಲಿಯಾ ತರದ ದೇಶಗಳಲ್ಲಿ ಇವತ್ತಿಗೂ ಸರಾಸರಿ ಆರರ ಹತ್ರ ಇದೆ, ಮಕ್ಕಳ ಸಾವು ಜಾಸ್ತಿ ಇರೋ ದೇಶಗಳ ಪಟ್ಟಿ ತೆಗೆದ್ರೂ ಅದರಲ್ಲೂ ಇವೇ ಮೇಲೆ ಬರ್ತವೆ.

ಇನ್ನೊಂದು ಭಾಗವೂ ಇದೆ, ಬೇಡ ಅಂತಿದ್ರೂ ಆಗೋ ಬಸಿರು. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಈಗ ಮಗು ಬೇಡ ಅಂತಿದ್ರೂ ಆಧುನಿಕ ಗರ್ಭನಿರೋಧಕ ಬಳಸದೇ ಇರೋ ಹೆಂಗಸರು ಸುಮಾರು 21.8 ಕೋಟಿ ಅಂತ 2019ರ ಅಂದಾಜು ಇದೆ. ಅವರಲ್ಲಿ "ನಂಗೆ ಗೊತ್ತೇ ಇರ್ಲಿಲ್ಲ" ಅನ್ನೋರು ತುಂಬ ಕಮ್ಮಿ. ಸೈಡ್ ಎಫೆಕ್ಟ್ ಭಯ, ಗಂಡ ಅಥವಾ ಅತ್ತೆ ಬೇಡ ಅಂತಾರೆ, ಗಂಡ ಊರಲ್ಲಿರೋದೇ ಅಪರೂಪ, ಇನ್ನೂ ಹಾಲು ಕುಡಿಸ್ತಾ ಇದೀನಿ ಏನೂ ಆಗಲ್ಲ ಅನ್ನೋ ನಂಬಿಕೆ, ಅಷ್ಟು ದೂರ ನಡ್ಕೊಂಡು ಹೋದ್ರೆ ಸ್ಟಾಕ್ ಇಲ್ಲ ಅನ್ನೋ ಉತ್ತರ, ಇಂಥವೇ ಕಾರಣಗಳು.

ಬಡತನ ಹೋಗೋ ಮೊದಲೇ ಜನನ ಪ್ರಮಾಣ ಇಳಿಸಿದ ದೇಶ ಯಾವ್ದಾದ್ರೂ ಇದೆಯಾ?

ಬಾಂಗ್ಲಾದೇಶ. 1970ರ ದಶಕದಲ್ಲಿ ಅಲ್ಲಿ ಒಬ್ಬ ಹೆಂಗಸಿಗೆ ಆರಕ್ಕೂ ಹೆಚ್ಚು ಮಕ್ಕಳು, 2011ರ ಹೊತ್ತಿಗೆ 2.3. ದೇಶ ಶ್ರೀಮಂತ ಆಗೋವರೆಗೆ ಕಾಯಲಿಲ್ಲ. 1977ರಲ್ಲಿ ಮತ್ಲಬ್ ಅನ್ನೋ ಗ್ರಾಮೀಣ ಪ್ರದೇಶದಲ್ಲಿ ಒಂದು ಪ್ರಯೋಗ ಶುರು ಮಾಡಿದ್ರು, ಅರ್ಧ ಹಳ್ಳಿಗಳಲ್ಲಿ ಮಾಮೂಲಿ ಸರ್ಕಾರಿ ಸೇವೆ, ಇನ್ನರ್ಧದಲ್ಲಿ ಅದೇ ಊರಿನ ಓದಿದ ಹೆಣ್ಮಕ್ಕಳನ್ನ ಕೆಲಸಕ್ಕೆ ತಗೊಂಡು ಮನೆ ಮನೆಗೆ ಕಳಿಸೋದು. ಅಲ್ಲಿ ಹೆಂಗಸರು ಮನೆಯಿಂದ ಹೊರಗೆ ಬರೋದೇ ಕಷ್ಟ ಆಗಿದ್ದ ಕಾಲ ಅದು, ಕ್ಲಿನಿಕ್ ಕಟ್ಟಿ ಬೋರ್ಡ್ ಹಾಕಿದ್ರೆ ಯಾರು ಬರ್ತಾರೆ? ಈ ಕಾರ್ಯಕರ್ತೆ ಹದಿನೈದು ದಿನಕ್ಕೊಂದು ಸಲ ಅಂಗಳಕ್ಕೇ ಬಂದು ಕೂತು ಮಾತಾಡ್ತಿದ್ಲು, ಮಾತ್ರೆ ಬೇಕಾ ಇಂಜೆಕ್ಷನ್ ಬೇಕಾ ಅಂತ ಕೇಳ್ತಿದ್ಲು, ಮಾತ್ರೆ ನುಂಗಿ ತಲೆ ಸುತ್ತಿದ್ರೆ ಬಯ್ಯದೆ ಬೇರೆ ವಿಧಾನ ಕೊಡ್ತಿದ್ಲು. ಒಂದೂವರೆ ವರ್ಷದಲ್ಲಿ ಗರ್ಭನಿರೋಧಕ ಬಳಸೋರು ನೂರಕ್ಕೆ ಏಳೆಂಟರಿಂದ ಮೂವತ್ತರ ಮೇಲೆ ಹೋದ್ರು. ಮುಂದೆ ದೇಶದ ತುಂಬ ಇದೇ ಮಾದರಿ ಬಂತು. ಆ "ಬಯ್ಯದೆ" ಅನ್ನೋದನ್ನ ಎರಡು ಸಲ ಓದ್ಕೊಳ್ಳಿ, ಬಹಳಷ್ಟು ಸರ್ಕಾರಿ ಕೇಂದ್ರಗಳಲ್ಲಿ ಇವತ್ತಿಗೂ ಸಿಗದೆ ಇರೋದು ಅದೇ.

ಇರಾನ್ ಕಥೆ ಇನ್ನೂ ವಿಚಿತ್ರ. 1980ರ ದಶಕದ ಯುದ್ಧದ ಕಾಲದಲ್ಲಿ ಜಾಸ್ತಿ ಮಕ್ಕಳು ಬೇಕು ಅಂತಿದ್ದ ಸರ್ಕಾರವೇ 1989ರಲ್ಲಿ ಕುಟುಂಬ ಯೋಜನೆನ ಮತ್ತೆ ತಂತು. ಹಳ್ಳಿ ಆರೋಗ್ಯ ಮನೆಗಳಲ್ಲಿ ಸ್ಥಳೀಯ ಕಾರ್ಯಕರ್ತರು, ಗರ್ಭನಿರೋಧಕ ಫ್ರೀ, ಮದುವೆಗೆ ಮುಂಚೆ ಹುಡುಗ ಹುಡುಗಿ ಇಬ್ಬರೂ ಕ್ಲಾಸಿಗೆ ಹೋಗ್ಲೇಬೇಕು, ಧರ್ಮಗುರುಗಳೇ ತಪ್ಪಿಲ್ಲ ಅಂತ ಹೇಳಿದ್ರು, ಜೊತೆಗೆ ಹುಡುಗೀರು ಶಾಲೆ ಕಾಲೇಜಿಗೆ ಹೋಗೋದು ಹೆಚ್ಚಾಯ್ತು. ಆರರ ಮೇಲಿದ್ದದ್ದು ಸುಮಾರು 2000ನೇ ಇಸವಿ ಹೊತ್ತಿಗೆ ಎರಡರ ಹತ್ರ ಬಂತು.

ಚೀನಾ ತರ ಕಟ್ಟುನಿಟ್ಟಾಗಿ ಒಂದು ಕಾನೂನು ಮಾಡಿದ್ರೆ ಮುಗೀತಲ್ಲ?

ಎಲ್ಲರ ಬಾಯಲ್ಲೂ ಇದೇ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೀನಿ. ಚೀನಾದಲ್ಲಿ 1970ರಲ್ಲಿ ಒಬ್ಬ ಹೆಂಗಸಿಗೆ ಆರರ ಹತ್ತಿರ ಮಕ್ಕಳು, 1979ಕ್ಕೆ ಮೂರಕ್ಕಿಂತ ಕಮ್ಮಿ. ಒಂದೇ ಮಗುವಿನ ನೀತಿ ಬಂದದ್ದು 1980ರಲ್ಲಿ, ಅಂದ್ರೆ ದೊಡ್ಡ ಇಳಿಕೆ ಆಗಿ ಮುಗಿದ ಮೇಲೆ. ಅದಕ್ಕೂ ಮುಂಚಿನ ಹತ್ತು ವರ್ಷ ಲೇಟಾಗಿ ಮದುವೆ, ಮಕ್ಕಳ ನಡುವೆ ಅಂತರ, ಕಮ್ಮಿ ಮಕ್ಕಳು ಅನ್ನೋ ಅಭಿಯಾನ ನಡೆದಿತ್ತು, ಅದರಲ್ಲೂ ಒತ್ತಡ ಇರ್ಲಿಲ್ಲ ಅಂತ ಹೇಳೋಕಾಗಲ್ಲ. ಒಂದೇ ಮಗು ನೀತಿ ಕೊಟ್ಟದ್ದು ಬಲವಂತದ ಗರ್ಭಪಾತ, ದಂಡ, ದಾಖಲೆಯೇ ಇಲ್ಲದ ಮಕ್ಕಳು, ಹೆಣ್ಣು ಭ್ರೂಣ ಅಂತ ಗೊತ್ತಾದ್ರೆ ತೆಗೆಸೋದು. ಕೊನೆಗೆ 2016ರಲ್ಲಿ ಎರಡು ಮಕ್ಕಳು ಆಗ್ಬಹುದು ಅಂದ್ರು, 2021ರಲ್ಲಿ ಮೂರು ಅಂದ್ರು, ಹೆರೋರೇ ಮುಂದೆ ಬರಲಿಲ್ಲ. 2022ರಲ್ಲಿ ಅಲ್ಲಿ ಹುಟ್ಟಿದವರಿಗಿಂತ ಸತ್ತವರೇ ಜಾಸ್ತಿ.

ಭಾರತ ಇದನ್ನ ಬೇರೆ ತರ ಅನುಭವಿಸಿದೆ. 1952ರಲ್ಲೇ ಸರ್ಕಾರಿ ಕುಟುಂಬ ಯೋಜನೆ ಶುರು ಮಾಡಿ, ಪ್ರಪಂಚಕ್ಕೇ ಮೊದಲು ಅನ್ನಿಸ್ಕೊಂಡ ದೇಶ ತುರ್ತು ಪರಿಸ್ಥಿತಿಯಲ್ಲಿ ಏನು ಮಾಡ್ತು ಅಂದ್ರೆ ಟಾರ್ಗೆಟ್ ಕೊಟ್ಟು, ಮೇಷ್ಟ್ರು, ಪೊಲೀಸ್, ರೆವಿನ್ಯೂ ಅಧಿಕಾರಿ ಎಲ್ಲರಿಗೂ ಇಷ್ಟು ಕೇಸ್ ತನ್ನಿ ಅಂತ ಹೇಳಿ 1976-77ರ ಒಂದೇ ವರ್ಷದಲ್ಲಿ ಸುಮಾರು 80 ಲಕ್ಷ ಜನಕ್ಕೆ ಮುಂದೆ ಮಕ್ಕಳಾಗದ ಹಾಗೆ ಆಪರೇಶನ್ ಮಾಡಿಸ್ತು, ಅದರಲ್ಲಿ 60 ಲಕ್ಷಕ್ಕೂ ಮೇಲೆ ಗಂಡಸರು. 1977ರ ಚುನಾವಣೆಯಲ್ಲಿ ಸರ್ಕಾರ ಮಣ್ಣು ಮುಕ್ತು. ಆಮೇಲೆ ಯಾವ ಸರ್ಕಾರವೂ ಗಂಡಸರ ಆಪರೇಶನ್ ಸುದ್ದಿಗೆ ಗಟ್ಟಿಯಾಗಿ ಹೋಗಲಿಲ್ಲ, ಭಾರ ಪೂರ್ತಿ ಹೆಂಗಸರ ಮೇಲೆ ಬಿತ್ತು.

ಪೆರುವಿನಲ್ಲಿ 1990ರ ದಶಕದ ಕೊನೇಲಿ ಅಧ್ಯಕ್ಷ ಫುಜಿಮೋರಿಯ ಸರ್ಕಾರ ಸುಮಾರು 2.7 ಲಕ್ಷ ಹೆಂಗಸರಿಗೆ ಆಪರೇಶನ್ ಮಾಡಿಸ್ತು, ಬಹಳ ಜನ ಬೆಟ್ಟದ ಕಡೆಯ ಮೂಲನಿವಾಸಿಗಳು, ಎಷ್ಟೋ ಜನಕ್ಕೆ ಅವರ ಭಾಷೇಲಿ ಏನು ಮಾಡ್ತಿದೀವಿ ಅಂತಾನೂ ಹೇಳಿರ್ಲಿಲ್ಲ. ಆ ಹೆಂಗಸರು ಇವತ್ತಿಗೂ ನ್ಯಾಯಕ್ಕೆ ಹೋರಾಡ್ತಿದಾರೆ. ಕಟ್ಟುನಿಟ್ಟು ಅಂದ್ರೆ ನೆಲದ ಮೇಲೆ ಹೀಗಿರುತ್ತೆ.

1994ರ ಕೈರೋ ಸಮ್ಮೇಳನ ಅಂತ ಎಲ್ಲರೂ ಹೇಳ್ತಿರ್ತಾರಲ್ಲ, ಅಲ್ಲಿ ಏನಾಯ್ತು?

ವಿಶ್ವಸಂಸ್ಥೆಯ ಜನಸಂಖ್ಯೆ ಮತ್ತು ಅಭಿವೃದ್ಧಿ ಸಮ್ಮೇಳನ, 179 ದೇಶಗಳು ಸೇರಿದ್ವು. ಅದಕ್ಕೂ ಮುಂಚೆ 1974ರಲ್ಲಿ ಬುಕಾರೆಸ್ಟ್, 1984ರಲ್ಲಿ ಮೆಕ್ಸಿಕೋ ಸಿಟಿಯಲ್ಲಿ ನಡೆದಿತ್ತು, ಅಲ್ಲೆಲ್ಲ ಮಾತು ಹೆಚ್ಚಾಗಿ ಬೆಳವಣಿಗೆ ದರ, ಅಭಿವೃದ್ಧಿ, ಯಾರು ಯಾರಿಗೆ ದುಡ್ಡು ಕೊಡ್ಬೇಕು ಅನ್ನೋದು. ಕೈರೋದಲ್ಲಿ ಟಾರ್ಗೆಟ್ ಬಿಡಿ, ಎಷ್ಟು ಮಕ್ಕಳು, ಯಾವಾಗ ಅನ್ನೋದು ಆ ದಂಪತಿಗಳದ್ದೇ ತೀರ್ಮಾನ, ಹೆಂಗಸಿನ ಆರೋಗ್ಯ, ಓದು, ಹಕ್ಕು ಮೊದಲು ಅಂತ ಒಪ್ಪಿ ಬರೆದ್ರು. ಭಾರತವೂ 1996ರಲ್ಲಿ ಗರ್ಭನಿರೋಧಕಗಳ ಟಾರ್ಗೆಟ್ ಪದ್ಧತಿನ ಕಾಗದದ ಮೇಲೆ ಕೈ ಬಿಡ್ತು. ಕಾಗದದ ಮೇಲೆ ಅಂತ ಯಾಕಂದೆ ಅನ್ನೋದು ಕೆಳಗೆ ಬಿಲಾಸಪುರದ ವಿಷಯದಲ್ಲಿ ಗೊತ್ತಾಗುತ್ತೆ.

ಗರ್ಭನಿರೋಧಕದಲ್ಲಿ ಯಾವುದು ಬೆಸ್ಟ್?

ಎಲ್ಲರಿಗೂ ಬೆಸ್ಟ್ ಅನ್ನೋದು ಯಾವುದೂ ಇಲ್ಲ, ಮರೆತುಹೋಗೋ ಸ್ವಭಾವ ಇದ್ಯಾ, ಮುಂದೆ ಮಗು ಬೇಕಾ, ಹಾಲು ಕುಡಿಸ್ತಿದೀರಾ, ಬಿಪಿ ಇದ್ಯಾ, ಗಂಡನಿಗೆ ಹೇಳದೆ ಬಳಸ್ಬೇಕಾದ ಪರಿಸ್ಥಿತಿನಾ, ಇದರ ಮೇಲೆ ಹೋಗುತ್ತೆ. ಮಾಮೂಲಿ ಬಳಕೇಲಿ ಮೊದಲ ವರ್ಷ ನೂರು ಜನಕ್ಕೆ ಎಷ್ಟು ಬಸಿರು ಅಂತ ನೋಡಿದ್ರೆ ಏನೂ ಬಳಸದಿದ್ರೆ 85, ಕಾಂಡೋಮ್ 13, ಮಾತ್ರೆ 7, ಮೂರು ತಿಂಗಳ ಇಂಜೆಕ್ಷನ್ 4, ಕಾಪರ್ ಟಿ ಅಂದ್ರೆ ನಮ್ಮಲ್ಲಿ ವಂಕಿ ಅಂತಾರಲ್ಲ ಅದು 1ಕ್ಕಿಂತ ಕಮ್ಮಿ, ತೋಳಲ್ಲಿ ಹಾಕೋ ಇಂಪ್ಲಾಂಟ್ ಇನ್ನೂ ಕಮ್ಮಿ, ಸಾವಿರಕ್ಕೆ ಒಂದು. ಮಾತ್ರೆಯಲ್ಲಿ 7 ಆಗೋದು ಮಾತ್ರೆ ಕೆಟ್ಟದ್ದು ಅಂತ ಅಲ್ಲ, ದಿನಾ ನುಂಗೋದು ಮರೆಯೋದ್ರಿಂದ. ಕಾಂಡೋಮ್ ಲೆಕ್ಕದಲ್ಲಿ ಹಿಂದಿದ್ರೂ ಲೈಂಗಿಕ ರೋಗ, ಎಚ್‌ಐವಿ ತಡೆಯೋದ್ರಲ್ಲಿ ಅದಕ್ಕೆ ಸಮ ಬೇರೆ ಇಲ್ಲ.

ಹಾಲು ಕುಡಿಸ್ತಿದ್ರೆ ಬಸಿರಾಗಲ್ಲ ಅನ್ನೋದು ಅರ್ಧ ನಿಜ. ಮಗುಗೆ ಆರು ತಿಂಗಳೊಳಗೆ, ಹಗಲು ರಾತ್ರಿ ಬರೀ ಎದೆಹಾಲು, ಮುಟ್ಟು ಇನ್ನೂ ಶುರು ಆಗಿಲ್ಲ, ಮೂರೂ ಇದ್ರೆ ಮಾತ್ರ ನೆಚ್ಕೋಬಹುದು. ಒಂದು ತಪ್ಪಿದ್ರೂ ಬೇರೆ ದಾರಿ ನೋಡ್ಕೋಬೇಕು. ಹೆರಿಗೆ ಆದ್ಮೇಲೆ ಮುಂದಿನ ಬಸಿರಿಗೆ ಕನಿಷ್ಠ ಎರಡು ವರ್ಷ ಬಿಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ.

ಇಂಜೆಕ್ಷನ್ ತಗೊಂಡ್ರೆ ಮುಂದೆ ಮಕ್ಕಳೇ ಆಗಲ್ವಂತೆ?

ಆಗುತ್ತೆ, ಲೇಟಾಗುತ್ತೆ. ಕೊನೇ ಇಂಜೆಕ್ಷನ್ ಆದ್ಮೇಲೆ ಸರಾಸರಿ ಒಂಬತ್ತು ಹತ್ತು ತಿಂಗಳು ಬೇಕಾಗ್ಬಹುದು. ಮುಟ್ಟು ಏರುಪೇರಾಗುತ್ತೆ, ಕೆಲವರಿಗೆ ಪೂರ್ತಿ ನಿಂತೇ ಹೋಗುತ್ತೆ, ಅದರಿಂದ ಕೆಟ್ಟ ರಕ್ತ ಒಳಗೆ ಸೇರ್ಕೊಳ್ಳುತ್ತೆ ಅನ್ನೋದು ಸುಳ್ಳು. ಇದನ್ನ ಮೊದಲೇ ಕೂರಿಸಿ ಹೇಳಿದ್ರೆ ಹೆಂಗಸು ಹೆದರಲ್ಲ. ಹೇಳದೇ ಚುಚ್ಚಿ ಕಳಿಸಿದ್ರೆ ಎರಡು ತಿಂಗಳಿಗೆ ಗಾಬರಿ ಆಗಿ ಬಿಟ್ಬಿಡ್ತಾಳೆ, ಓಣಿ ತುಂಬ ಸುದ್ದಿ ಹಬ್ಬುತ್ತೆ, ಆಮೇಲೆ ಸರ್ಕಾರದೋರು "ಜನಕ್ಕೆ ಜಾಗೃತಿ ಇಲ್ಲ" ಅಂತ ಇನ್ನೊಂದು ಪೋಸ್ಟರ್ ಪ್ರಿಂಟ್ ಹಾಕಿಸ್ತಾರೆ.

ಇಂಪ್ಲಾಂಟ್ ಬಗ್ಗೆ ಅಷ್ಟು ಒಳ್ಳೆ ಮಾತು ಹೇಳ್ತೀರಿ, ಅದರಲ್ಲಿ ಕೊರತೆ ಏನೂ ಇಲ್ವಾ?

ವಸ್ತುವಲ್ಲಿ ಕೊರತೆ ಕಮ್ಮಿ, ವ್ಯವಸ್ಥೇಲಿ ಜಾಸ್ತಿ. ಬೆಂಕಿಕಡ್ಡಿ ಸೈಜಿನ ಮೆತ್ತನೆ ಕಡ್ಡಿ, ಒಂದೋ ಎರಡೋ, ತೋಳಿನ ಒಳಭಾಗದಲ್ಲಿ ಚರ್ಮದ ಕೆಳಗೆ ಕೆಲವೇ ನಿಮಿಷದಲ್ಲಿ ಕೂರಿಸ್ತಾರೆ, ಬ್ರ್ಯಾಂಡ್ ನೋಡಿ ಮೂರರಿಂದ ಐದು ವರ್ಷ ಕೆಲಸ ಮಾಡುತ್ತೆ. ಕಳೆದ ಹದಿನೈದು ವರ್ಷದಲ್ಲಿ ಆಫ್ರಿಕಾದ ಎಷ್ಟೋ ದೇಶಗಳಲ್ಲಿ ಇದು ಭಾರೀ ಓಡ್ತು. ಆದ್ರೆ ಹಾಕೋಕೆ ಟ್ರೇನಿಂಗ್ ಕೊಟ್ಟಷ್ಟು ತೆಗಿಯೋಕೆ ಕೊಡಲಿಲ್ಲ. ಹಾಕೋದು ಸುಲಭ, ತೆಗಿಯೋಕೆ ಚರ್ಮ ಸ್ವಲ್ಪ ಕೊಯ್ದು ಕಡ್ಡಿ ತುದಿ ಹುಡುಕಿ ಇಕ್ಕಳದಲ್ಲಿ ಹಿಡೀಬೇಕು, ಆಳಕ್ಕೆ ಹೋಗಿದ್ರೆ ಇನ್ನೂ ಕಷ್ಟ. ರಕ್ತಸ್ರಾವ ಆಗ್ತಿದೆ ತೆಗೀರಿ ಅಂತ ಬಂದವಳಿಗೆ "ಅವಧಿ ಮುಗೀಲಿ ಬಾ", "ತೆಗಿಯೋರು ಇವತ್ತು ಬಂದಿಲ್ಲ" ಅಂತ ವಾಪಸ್ ಕಳಿಸೋದು, ತೆಗಿಯೋಕೆ ದುಡ್ಡು ಕೇಳೋದು ನಡೆಯುತ್ತೆ. ಎಷ್ಟು ಹಾಕಿದೀವಿ ಅನ್ನೋ ರಿಪೋರ್ಟ್ ಎಲ್ಲ ಕಡೆ ಇರುತ್ತೆ, ತೆಗೀರಿ ಅಂತ ಬಂದು ಬರಿಗೈಲಿ ಹೋದವರು ಯಾವ ಕಾಲಮ್ಮಲ್ಲೂ ಬರಲ್ಲ. ನನ್ನ ಪ್ರಕಾರ ತೆಗೆಸ್ಕೊಳ್ಳೋಕೆ ಆಗದ ಗರ್ಭನಿರೋಧಕ ಕುಟುಂಬ ಯೋಜನೆ ಲೆಕ್ಕಕ್ಕೇ ಬರಬಾರದು.

ಗಂಡಸರು ಆಪರೇಶನ್ ಮಾಡಿಸ್ಕೊಂಡ್ರೆ ಶಕ್ತಿ ಕುಗ್ಗುತ್ತಾ?

ಇಲ್ಲ. ವೀರ್ಯಾಣು ಬರೋ ನಾಳ ಮಾತ್ರ ಕಟ್ ಮಾಡ್ತಾರೆ, ಹಾರ್ಮೋನ್ ಅಷ್ಟೇ ಇರುತ್ತೆ, ಆಸೆ, ಬಲ, ಕೆಲಸ ಎಲ್ಲ ಮೊದಲಿನ ಹಾಗೇ. ಮೂರು ತಿಂಗಳು ಬೇರೆ ವಿಧಾನ ಬಳಸಿ, ಟೆಸ್ಟ್ ಮಾಡಿಸಿದ್ಮೇಲೆ ನಿಶ್ಚಿಂತೆ. ಹೊಟ್ಟೆ ಕೊಯ್ಯೋ ಹೆಂಗಸರ ಆಪರೇಶನ್ನಿಗಿಂತ ಇದು ಸಣ್ಣದು, ಅಪಾಯವೂ ಕಮ್ಮಿ. ಆದ್ರೂ 2019-21ರ ಸಮೀಕ್ಷೇಲಿ ಭಾರತದ ವಿವಾಹಿತ ಹೆಂಗಸರಲ್ಲಿ ನೂರಕ್ಕೆ ಸುಮಾರು 38 ಜನ ಆಪರೇಶನ್ ಮಾಡಿಸ್ಕೊಂಡೋರು, ಗಂಡ ಮಾಡಿಸ್ಕೊಂಡದ್ದು 0.3.

2014ರ ನವೆಂಬರ್‌ನಲ್ಲಿ ಛತ್ತೀಸ್‌ಗಢದ ಬಿಲಾಸಪುರ ಜಿಲ್ಲೇಲಿ ಹೆಂಗಸರ ಆಪರೇಶನ್‌ಗೆ ಒಂದು ಕ್ಯಾಂಪ್ ನಡೀತು. ಪಾಳುಬಿದ್ದ ಖಾಸಗಿ ಆಸ್ಪತ್ರೆ ಕಟ್ಟಡ, ಒಬ್ಬ ಸರ್ಜನ್, ಕೆಲವೇ ಗಂಟೆಗಳಲ್ಲಿ 83 ಹೆಂಗಸರು. ಹತ್ತಕ್ಕೂ ಹೆಚ್ಚು ಜನ ಸತ್ರು, ಬಹಳಷ್ಟು ಜನ ಚಿಕ್ಕ ವಯಸ್ಸಿನವರು, ಮನೇಲಿ ಎಳೆ ಮಕ್ಕಳು. 2016ರಲ್ಲಿ ಸುಪ್ರೀಂ ಕೋರ್ಟ್ ಮೂರು ವರ್ಷದೊಳಗೆ ಈ ಕ್ಯಾಂಪ್ ಪದ್ಧತಿ ನಿಲ್ಲಿಸಿ ಅಂತ ಆದೇಶ ಕೊಡ್ತು. ಆ ಬಿಲಾಸಪುರದ ಕ್ಯಾಂಪ್ ನಡೆದಾಗ ಟಾರ್ಗೆಟ್ ಅನ್ನೋ ಪದ ತೆಗೆದು ಹದಿನೆಂಟು ವರ್ಷ ಆಗಿತ್ತು.

ಈ ಕಾಲದಲ್ಲೂ ಹೆರಿಗೆಯಲ್ಲಿ ಯಾಕೆ ಸಾಯ್ತಾರೆ?

2023ರಲ್ಲಿ ಪ್ರಪಂಚದಲ್ಲಿ ಬಸಿರು ಬಾಣಂತಿ ಕಾಲದಲ್ಲಿ ಸತ್ತವರು ಸುಮಾರು 2.6 ಲಕ್ಷ, ದಿನಕ್ಕೆ 700ರ ಮೇಲೆ. ನೂರಕ್ಕೆ 90ಕ್ಕೂ ಹೆಚ್ಚು ಬಡ ಮತ್ತು ಕೆಳ ಮಧ್ಯಮ ಆದಾಯದ ದೇಶಗಳಲ್ಲಿ, ಅದರಲ್ಲೂ 70ರಷ್ಟು ಸಹಾರಾ ಮರುಭೂಮಿಯ ದಕ್ಷಿಣದ ಆಫ್ರಿಕಾದಲ್ಲೇ. 2000ದಿಂದ ನೋಡಿದ್ರೆ ಲಕ್ಷ ಹೆರಿಗೆಗೆ ಆಗೋ ಸಾವು ನೂರಕ್ಕೆ ನಲವತ್ತರಷ್ಟು ಇಳಿದಿದೆ ಅನ್ನೋದೂ ನಿಜ. ಕೊಲ್ಲೋವು ಹಳೇ ಕಾರಣಗಳೇ: ರಕ್ತಸ್ರಾವ, ಬಿಪಿ ಏರಿ ಫಿಟ್ಸ್ ಬರೋದು, ನಂಜು, ಮಗು ಅಡ್ಡ ಸಿಕ್ಕೊಳ್ಳೋದು, ಕದ್ದುಮುಚ್ಚಿ ಮಾಡಿಸ್ಕೊಂಡ ಗರ್ಭಪಾತ. ಎಲ್ಲಕ್ಕೂ ಚಿಕಿತ್ಸೆ ಗೊತ್ತಿದೆ.

ರಕ್ತಸ್ರಾವನೇ ತಗೊಳ್ಳಿ. ಮಗು ಬಂತು, ಮಾಸು ಬಿತ್ತು, ಗರ್ಭಕೋಶ ಗಟ್ಟಿಯಾಗಿ ಮುದುಡ್ಕೋಬೇಕು, ಮುದುಡಲಿಲ್ಲ ಅಂದ್ರೆ ರಕ್ತ ನಿಲ್ಲಲ್ಲ, ಎರಡು ಗಂಟೆ ಸಾಕು ಜೀವ ಹೋಗೋಕೆ. ಆಗಲೇ ರಕ್ತಹೀನತೆ ಇದ್ರೆ ಅಷ್ಟೂ ಬೇಡ. ತೊಂದರೆ ಏನಂದ್ರೆ ಎಷ್ಟು ರಕ್ತ ಹೋಯ್ತು ಅಂತ ಕಣ್ಣಳತೇಲಿ ಗೊತ್ತಾಗಲ್ಲ, ಬಟ್ಟೆ ಹೀರ್ಕೊಂಡಿರುತ್ತೆ, ಅರ್ಧ ನೆಲಕ್ಕೆ ಹರಿದಿರುತ್ತೆ, ನರ್ಸ್ ಇದೇನು ಮಾಮೂಲಿ ಅಂದ್ಕೊಳ್ತಾಳೆ. ಇದಕ್ಕೆ ಬಂದ ಉಪಾಯ ಒಂದು ಪ್ಲಾಸ್ಟಿಕ್ ಹಾಳೆ. ಸೊಂಟದ ಕೆಳಗೆ ಹಾಸಿದ್ರೆ ರಕ್ತ ಎಲ್ಲ ಆಲಿಕೆ ತರದ ಚೀಲಕ್ಕೆ ಇಳಿಯುತ್ತೆ, ಚೀಲದ ಮೇಲೆ ಗೆರೆ ಇರುತ್ತೆ, 500 ಮಿಲಿ ಗೆರೆ ದಾಟಿದ್ರೆ ಯಾರನ್ನೂ ಕಾಯೋ ಹಾಗಿಲ್ಲ, ಹೊಟ್ಟೆ ನೀವೋದು, ಗರ್ಭಕೋಶ ಮುದುಡಿಸೋ ಆಕ್ಸಿಟೋಸಿನ್, ರಕ್ತ ಹೆಪ್ಪುಗಟ್ಟಿ ನಿಲ್ಲೋಕೆ ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್, ಒಳಗೆ ಪರೀಕ್ಷೆ ಎಲ್ಲ ಒಟ್ಟಿಗೆ ಶುರು. ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾದ 80 ಆಸ್ಪತ್ರೆಗಳಲ್ಲಿ ಇದನ್ನ ಪರೀಕ್ಷೆ ಮಾಡಿದ್ರು, 2023ರಲ್ಲಿ ಫಲಿತಾಂಶ ಬಂತು, ತೀವ್ರ ರಕ್ತಸ್ರಾವ ಮತ್ತು ಅದರ ಅನಾಹುತ ನೂರಕ್ಕೆ 60 ಕಮ್ಮಿ.

ಆಕ್ಸಿಟೋಸಿನ್‌ಗೆ ಒಂದು ಕಾಟ ಇದೆ, 2ರಿಂದ 8 ಡಿಗ್ರಿಯಲ್ಲಿ ಇಡ್ಬೇಕು. ಕರೆಂಟ್ ಹೋಗಿ ಬರೋ ಕೇಂದ್ರದ ಫ್ರಿಜ್ಜಲ್ಲಿ ಅದು ನೀರಿನ ಸಮ ಆಗಿರ್ಬಹುದು, ಚುಚ್ಚಿದ ನರ್ಸ್‌ಗೂ ಗೊತ್ತಿರಲ್ಲ. ಅದಕ್ಕೇ ಫ್ರಿಜ್ ಬೇಡದ ಮಿಸೊಪ್ರೊಸ್ಟಾಲ್ ಮಾತ್ರೆ, ಬಿಸಿ ತಡ್ಕೊಳ್ಳೋ ಕಾರ್ಬೆಟೋಸಿನ್ ಮುಖ್ಯ ಆಗೋದು. ಫಿಟ್ಸ್‌ಗೆ ಮೆಗ್ನೀಸಿಯಂ ಸಲ್ಫೇಟ್, ಹಳೇ ಔಷಧ, ಅಗ್ಗ. ಬಿಪಿ ನೋಡೋ ಪಟ್ಟಿ ಕೆಟ್ಟು ಮೂಲೇಲಿ ಬಿದ್ದಿದ್ರೆ ಅದೂ ಉಪಯೋಗಕ್ಕೆ ಬರಲ್ಲ.

ಈ ವಿಷಯ ಓದ್ಕೊಂಡಿರೋರು ಇದನ್ನ ಮೂರು ವಿಳಂಬ ಅಂತಾರೆ: ಆಸ್ಪತ್ರೆಗೆ ಹೋಗ್ಬೇಕು ಅಂತ ಮನೇಲಿ ತೀರ್ಮಾನ ಆಗೋದು ತಡ, ಗಾಡಿ ಸಿಕ್ಕಿ ತಲುಪೋದು ತಡ, ತಲುಪಿದ್ಮೇಲೆ ಚಿಕಿತ್ಸೆ ಸಿಗೋದು ತಡ. ಸುಮ್ನೆ ಎಲ್ಲರನ್ನೂ ಆಸ್ಪತ್ರೆಗೆ ಕರ್ಕೊಂಡು ಬಂದ್ರೆ ಮೊದಲೆರಡು ಕಮ್ಮಿ ಆಗಿ ಮೂರನೇದು ಬೆಳೆಯುತ್ತೆ, ಒಂದು ಮಂಚಕ್ಕೆ ಇಬ್ಬರು, ರಕ್ತನಿಧಿ ಖಾಲಿ.

ಸೂಲಗಿತ್ತಿಯರು ಸಾಕಲ್ವಾ, ನಮ್ಮಜ್ಜಿ ಹತ್ತು ಮಕ್ಕಳನ್ನ ಮನೇಲೇ ಹೆತ್ತಿದ್ರು?

ಹೆತ್ತು ಬದುಕಿದ ಅಜ್ಜಿಯರ ಮೊಮ್ಮಕ್ಕಳೇ ಈ ಮಾತು ಹೇಳೋದು, ಸತ್ತವರ ಕಡೆಯಿಂದ ಹೇಳೋರು ಇಲ್ವಲ್ಲ. ಶ್ರೀಲಂಕಾದಲ್ಲಿ 1930ರ ದಶಕದಲ್ಲಿ ಲಕ್ಷ ಹೆರಿಗೆಗೆ 1,500ಕ್ಕೂ ಹೆಚ್ಚು ತಾಯಂದಿರು ಸಾಯ್ತಿದ್ರು, ಈಗ 30ರ ಆಸುಪಾಸು. ಅಲ್ಲಿ ಮಾಡಿದ್ದು ಪ್ರತಿ ಪ್ರದೇಶಕ್ಕೂ ಸರಿಯಾಗಿ ತರಬೇತಿ ಕೊಟ್ಟ, ಸಂಬಳದ, ಮೇಲಿನ ಆಸ್ಪತ್ರೆಗೆ ಕಳಿಸೋ ಅಧಿಕಾರ ಇರೋ ಸರ್ಕಾರಿ ಸೂಲಗಿತ್ತಿಯರನ್ನ ನೇಮಿಸಿದ್ದು, ಆಸ್ಪತ್ರೆ ಫ್ರೀ ಮಾಡಿದ್ದು, ಒಬ್ಬ ತಾಯಿ ಸತ್ರೂ ಯಾಕೆ ಅಂತ ಕೂತು ಪರಿಶೀಲಿಸಿದ್ದು. ಶ್ರೀಮಂತ ಆಗೋಕೆ ಕಾದಿದ್ರೆ ಆಗ್ತಿರ್ಲಿಲ್ಲ.

ಫಿಸ್ಟುಲಾ ಅಂದ್ರೆ ಏನು?

ಹೆರಿಗೆ ನೋವು ಎರಡು ಮೂರು ದಿನ ಎಳೆದು ಮಗುವಿನ ತಲೆ ಒತ್ತಿ ಒತ್ತಿ ಮೂತ್ರಕೋಶಕ್ಕೂ ಯೋನಿಗೂ ನಡುವೆ ತೂತು ಬೀಳೋದು. ಮಗು ಸಾಮಾನ್ಯವಾಗಿ ಸತ್ತಿರುತ್ತೆ, ತಾಯಿಗೆ ಹಗಲು ರಾತ್ರಿ ಮೂತ್ರ ಸೋರುತ್ತೆ, ವಾಸನೆ ಅಂತ ಗಂಡ ಬಿಡ್ತಾನೆ, ಎಷ್ಟೋ ಕಡೆ ಹೊರಗೆ ಗುಡಿಸಲಲ್ಲಿ ಇಡ್ತಾರೆ. ಹೊಲಿದು ಸರಿ ಮಾಡ್ಬಹುದು. 1959ರಲ್ಲಿ ಇಥಿಯೋಪಿಯಾಕ್ಕೆ ಬಂದ ಡಾಕ್ಟರ್ ದಂಪತಿ ಕ್ಯಾಥರಿನ್ ಮತ್ತು ರೆಜಿನಾಲ್ಡ್ ಹ್ಯಾಮ್ಲಿನ್ ಅಡಿಸ್ ಅಬಾಬಾದಲ್ಲಿ ಇದಕ್ಕೇ ಅಂತ ಒಂದು ಆಸ್ಪತ್ರೆ ಕಟ್ಟಿ ಸಾವಿರಾರು ಜನಕ್ಕೆ ಫ್ರೀಯಾಗಿ ಆಪರೇಶನ್ ಮಾಡಿದ್ರು, ವಾಸಿಯಾದ ಹೆಂಗಸರೇ ಅಲ್ಲಿ ಎಷ್ಟೋ ಜನ ಕೆಲಸಕ್ಕೆ ಸೇರ್ಕೊಂಡ್ರು. ಸಮಯಕ್ಕೆ ಸಿಸೇರಿಯನ್ ಸಿಗೋ ದೇಶಗಳಲ್ಲಿ ಈ ಕಾಯಿಲೆ ಹೆಚ್ಚುಕಮ್ಮಿ ಇಲ್ಲವೇ ಇಲ್ಲ.

ಗರ್ಭಪಾತಕ್ಕೆ ಕಾನೂನು ಸಡಿಲ ಮಾಡಿದ್ರೆ ಎಲ್ರೂ ಮಾಡಿಸ್ಕೊಳ್ತಾರಲ್ಲ?

ನಿಷೇಧ ಇದ್ದ ಕಡೆ ಗರ್ಭಪಾತ ನಿಲ್ಲಲ್ಲ, ಜಾಗ ಬದಲಾಗುತ್ತೆ, ಕಡ್ಡಿ, ಬೇರು, ಗೊತ್ತಿಲ್ಲದೋನ ಕೈ. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 7.3 ಕೋಟಿ ಗರ್ಭಪಾತ, ಅದರಲ್ಲಿ ನೂರಕ್ಕೆ 45 ಸುರಕ್ಷಿತ ಅಲ್ಲ, ಆ 45ರಲ್ಲಿ ಬಹುತೇಕ ಎಲ್ಲವೂ ಬಡ ದೇಶಗಳಲ್ಲೇ. ನೇಪಾಳದಲ್ಲಿ 2002ರವರೆಗೆ ಇದಕ್ಕೆ ಹೆಂಗಸರನ್ನ ಜೈಲಿಗೆ ಹಾಕ್ತಿದ್ರು, ಕಾನೂನು ಬದಲಾದ್ಮೇಲೆ ತೀವ್ರ ಸೋಂಕು, ರಕ್ತಸ್ರಾವ ಅಂತ ಬರೋರು ಕಮ್ಮಿ ಆದ್ರು. ಇಥಿಯೋಪಿಯಾ 2005ರಲ್ಲಿ ಸಡಿಲ ಮಾಡ್ತು. ಭಾರತದಲ್ಲಿ 1971ರಿಂದ ಕಾನೂನು ಇದೆ, 2021ರ ತಿದ್ದುಪಡಿಯಲ್ಲಿ ಕೆಲವು ವರ್ಗದ ಹೆಂಗಸರಿಗೆ 24 ವಾರದವರೆಗೆ ಅವಕಾಶ ಆಯ್ತು, 2022ರಲ್ಲಿ ಸುಪ್ರೀಂ ಕೋರ್ಟ್ ಮದುವೆ ಆಗದವರಿಗೂ ಇದು ಅನ್ವಯ ಅಂತು. ಕಾನೂನಿದ್ರೂ "ಗಂಡನ್ನ ಕರ್ಕೊಂಡು ಬಾ" ಅನ್ನೋ ಆಸ್ಪತ್ರೆಗಳು ಇವೆ, ವಯಸ್ಕ ಹೆಂಗಸಿಗೆ ಗಂಡನ ಸಹಿ ಬೇಕು ಅಂತ ಆ ಕಾನೂನಲ್ಲಿ ಎಲ್ಲೂ ಇಲ್ಲ.

ಎಲ್ ಸಾಲ್ವಡಾರ್ ನೋಡಿ. 1998ರಿಂದ ಅಲ್ಲಿ ಯಾವ ಕಾರಣಕ್ಕೂ ಗರ್ಭಪಾತ ಇಲ್ಲ. 2016ರಲ್ಲಿ ಹೊಟ್ಟೇಲಿರೋ ಮಗುಗೆ ಹಾನಿ ಮಾಡೋ ಝಿಕಾ ವೈರಸ್ ಬಂದಾಗ ಅದೇ ಸರ್ಕಾರ 2018ರವರೆಗೆ ಬಸಿರಾಗ್ಬೇಡಿ ಅಂತ ಹೆಂಗಸರಿಗೆ ಸಲಹೆ ಕೊಡ್ತು. ಗಂಡಸರಿಗೆ ಏನು ಸಲಹೆ ಅಂತ ಯಾರೂ ಕೇಳಲಿಲ್ಲ.

ಚಿಕ್ಕ ವಯಸ್ಸಿನ ಮದುವೆಗೂ ಇದಕ್ಕೂ ಏನು ಸಂಬಂಧ?

ನೇರ ಸಂಬಂಧ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ 15ರಿಂದ 19ರ ಹುಡುಗೀರಲ್ಲಿ ವರ್ಷಕ್ಕೆ ಸುಮಾರು 2.1 ಕೋಟಿ ಬಸಿರು, ಅರ್ಧದಷ್ಟು ಬೇಕಂತ ಆದದ್ದಲ್ಲ. ಸೊಂಟದ ಎಲುಬು ಪೂರ್ತಿ ಬೆಳೆದಿರಲ್ಲ, ರಕ್ತಹೀನತೆ, ಬಿಪಿ, ಮಗು ತೂಕ ಕಮ್ಮಿ. ಮೊದಲ ಹೆರಿಗೆ ಹದಿನೇಳಕ್ಕೆ ಆದ್ರೆ ಮಗಳು ಹೆರೋ ಹೊತ್ತಿಗೆ ಅಮ್ಮನೂ ಇನ್ನೂ ಹೆರೋ ವಯಸ್ಸಲ್ಲೇ ಇರ್ತಾಳೆ, ತಲೆಮಾರು ಹತ್ತಿರ ಹತ್ತಿರ ಬಂದಷ್ಟೂ ಜನಸಂಖ್ಯೆ ವೇಗ ಜಾಸ್ತಿ. ಹೈಸ್ಕೂಲ್ ಮುಗಿಸೋವರೆಗೆ ಹುಡುಗಿ ಶಾಲೇಲಿ ಇದ್ರೆ ಎರಡೂ ಕಡೆ ಉಪಯೋಗ.

ಗಂಡು ಮಗು ಆಗೋವರೆಗೆ ಹೆರೋದು ಕಮ್ಮಿ ಆಗಿದೆಯಾ?

ಕುಟುಂಬ ಚಿಕ್ಕದಾದ ಕಡೆ ಆ ಹಟ ಸ್ಕ್ಯಾನಿಂಗ್ ರೂಮಿಗೆ ಹೋಯ್ತು, ಹೆಣ್ಣು ಅಂತ ಗೊತ್ತಾದ್ರೆ ತೆಗೆಸೋದು. ಸಹಜವಾಗಿ 100 ಹೆಣ್ಣಿಗೆ 105 ಗಂಡು ಹುಟ್ಟುತ್ವೆ. ಭಾರತ 1994ರಲ್ಲೇ ಲಿಂಗ ಪತ್ತೆ ನಿಷೇಧಿಸ್ತು. ದಕ್ಷಿಣ ಕೊರಿಯಾದಲ್ಲಿ 1990ರಲ್ಲಿ 116ಕ್ಕೆ ಏರಿದ್ದು ಆಮೇಲೆ ಸಹಜಕ್ಕೆ ಇಳೀತು, ಹೆಣ್ಮಕ್ಕಳ ಓದು, ಕೆಲಸ, ಆಸ್ತಿ ಕಾನೂನು ಎಲ್ಲ ಬದಲಾದ ಜೊತೆಜೊತೆಗೆ.

ಹೆರಿಗೆ ಬಿಟ್ಟು ಬೇರೆ ಯಾವ ಕಾಯಿಲೆ ಕಡೆ ಗಮನ ಕೊಡ್ಬೇಕು?

ಗರ್ಭಕೋಶದ ಬಾಯಿ ಕ್ಯಾನ್ಸರ್. 2022ರಲ್ಲಿ ಸುಮಾರು 6.6 ಲಕ್ಷ ಹೊಸ ಕೇಸ್, 3.5 ಲಕ್ಷ ಸಾವು, ನೂರಕ್ಕೆ 94 ಸಾವು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಕಾರಣ ಎಚ್‌ಪಿವಿ ವೈರಸ್, ಲಸಿಕೆ ಇದೆ, ಒಂದೇ ಡೋಸ್ ಕೂಡ ಸಾಕು ಅಂತ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತು. ರುವಾಂಡಾದಂಥ ಬಡ ದೇಶ 2011ರಲ್ಲೇ ಶಾಲೆಗಳಲ್ಲಿ ಕೊಡೋಕೆ ಶುರು ಮಾಡ್ತು. 30 ದಾಟಿದವರಿಗೆ ಪರೀಕ್ಷೆ ಮುಖ್ಯ.

ಮಕ್ಕಳೇ ಆಗದವರ ಕಷ್ಟ ಯಾರಿಗೂ ಬೇಡ್ವಾ?

ಇದು ನ್ಯಾಯವಾದ ದೂರು. ಜೀವನದಲ್ಲಿ ಆರಲ್ಲಿ ಒಬ್ಬರಿಗೆ ಈ ತೊಂದರೆ ಬರುತ್ತೆ ಅಂತ 2023ರ ವಿಶ್ವ ಆರೋಗ್ಯ ಸಂಸ್ಥೆ ವರದಿ ಇದೆ, ಬಡ ದೇಶಗಳಲ್ಲೂ ಅಷ್ಟೇ. ಎಷ್ಟೋ ಕಡೆ ಕಾರಣ ಚಿಕಿತ್ಸೆ ಮಾಡದೇ ಬಿಟ್ಟ ಲೈಂಗಿಕ ಸೋಂಕು, ಹಿಂದಿನ ಹೆರಿಗೆ ಅಥವಾ ಗರ್ಭಪಾತದ ನಂಜಿಂದ ನಾಳ ಮುಚ್ಚಿರೋದು. ಸುಮಾರು ಅರ್ಧ ಕೇಸಲ್ಲಿ ಗಂಡಿನ ಕಡೆ ಕಾರಣವೂ ಇರುತ್ತೆ, ಬಂಜೆ ಅನ್ನಿಸ್ಕೊಳ್ಳೋದು ಮಾತ್ರ ಅವಳು.

ಹವಾಮಾನ ಬದಲಾವಣೆಗೆ ಬಡ ದೇಶದ ಜನಸಂಖ್ಯೆನೇ ಕಾರಣ ಅಂತಾರೆ?

ನೈಜರ್‌ನಲ್ಲಿ ಒಬ್ಬರಿಂದ ವರ್ಷಕ್ಕೆ ಸುಮಾರು 0.1 ಟನ್ ಇಂಗಾಲದ ಡೈಆಕ್ಸೈಡ್, ಅಮೆರಿಕದಲ್ಲಿ 14 ಟನ್ ಆಸುಪಾಸು. ಲೆಕ್ಕ ನೀವೇ ಹಾಕ್ಕೊಳ್ಳಿ.

ವಿದೇಶಿ ನೆರವು ನಿಂತ್ರೆ ಏನಾಗುತ್ತೆ?

ಈಗ ಅದೇ ಆಗ್ತಿದೆ. ಸರ್ಕಾರಗಳು ಕೊಡ್ತಿದ್ದ ಕುಟುಂಬ ಯೋಜನೆ ನೆರವಲ್ಲಿ ಅಮೆರಿಕದ ಪಾಲು ಸುಮಾರು ನೂರಕ್ಕೆ ನಲವತ್ತು, ವರ್ಷಕ್ಕೆ 60 ಕೋಟಿ ಡಾಲರ್, 2025ರಲ್ಲಿ ಅದನ್ನ ನಿಲ್ಲಿಸಿದ್ರು. ಸ್ವಂತ ಬಜೆಟ್ಟಲ್ಲಿ ಇಂಜೆಕ್ಷನ್, ಇಂಪ್ಲಾಂಟ್ ಕೊಳ್ಳೋ ಅಭ್ಯಾಸ ಮಾಡ್ಕೊಳ್ಳದ ದೇಶಗಳಿಗೆ ದೊಡ್ಡ ಹೊಡೆತ. ಮೂರು ತಿಂಗಳಿಗೊಂದು ಇಂಜೆಕ್ಷನ್ ತಗೊಳ್ತಿದ್ದೋಳಿಗೆ ಈ ಸಲ ಸ್ಟಾಕ್ ಇಲ್ಲ ಅಂದ್ರೆ ಮುಂದಿನ ಬಜೆಟ್‌ವರೆಗೆ ಅವಳ ಮೈ ಕಾಯಲ್ಲ.

ಈಗ ಕೆಲವು ದೇಶ ಜಾಸ್ತಿ ಹೆರಿ ಅಂತಿವೆಯಲ್ಲ, ಅದು?

ಮೇಲೆ ಹೊಗಳಿದ ಇರಾನೇ ಉದಾಹರಣೆ. 2012ರಲ್ಲಿ ಕುಟುಂಬ ಯೋಜನೆಗೆ ದುಡ್ಡು ಕಡಿತ ಮಾಡಿದ್ರು, 2021ರ ಕಾನೂನಲ್ಲಿ ಸರ್ಕಾರಿ ಕೇಂದ್ರಗಳಲ್ಲಿ ಫ್ರೀ ಗರ್ಭನಿರೋಧಕ ಹಂಚೋದಕ್ಕೆ, ಆಪರೇಶನ್‌ಗೆ ತಡೆ ಹಾಕಿದ್ರು, ಜಾಸ್ತಿ ಮಕ್ಕಳಾದವರಿಗೆ ಸೌಲಭ್ಯ ಘೋಷಿಸಿದ್ರು. ಸರಾಸರಿ ಈಗಲೂ ಎರಡಕ್ಕಿಂತ ಕೆಳಗೇ ಇದೆ. ದುಡ್ಡಿದ್ದೋರು ಖಾಸಗಿಯಾಗಿ ಕೊಂಡ್ಕೊಳ್ತಾರೆ, ಸರ್ಕಾರಿ ಕೇಂದ್ರವನ್ನೇ ನಂಬಿದ್ದ ಹಳ್ಳಿ ಹೆಂಗಸರಿಗೆ ಮಾತ್ರ ಬಾಗಿಲು ಹಾಕಿದ ಹಾಗಾಯ್ತು.